ನಮ್ಮ ಸರ್ ನನ್ನ ವಿದ್ಯಾರ್ಥಿಯಾದ ವರ್ಷ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಕಾಲೇಜಿನಲ್ಲೂ ಹೇಳುತ್ತಾರೆ. ಎರಡೂ ಕಡೆಯವರು ಸೇರಿ ಸುಳ್ಳು ಹೇಳಲಾರರು. ಹಾಗಿದ್ದೂ ನಮ್ಮ ಪ್ರಾಂಶುಪಾಲರು ಒಂದು ಮಳೆಗಾಲದ ಆರಂಭದಲ್ಲಿ ನನ್ನನ್ನು ಕರೆದು, ಮೆಕ್ಯಾನಿಕಲ್ ವಿಭಾಗದ ಹಿರಿಯ ಅಧ್ಯಾಪಕರಿಗೆ ಪ್ರತಿ ಶನಿವಾರ ಮಧ್ಯಾಹ್ನ ಪ್ರೋಗ್ರಾಮಿಂಗ್ ಹೇಳಿಕೊಡಬೇಕು ಎಂದರು. ನಾನು ಆಗಲಿ ಎಂದು ಹೊರಗೆ ಬಂದೆ. ಸುದ್ದಿ ಕೇಳಿ ನನಗಿಂತ ಹೆಚ್ಚು ಹೆದರಿದವರು ಆ ಅಧ್ಯಾಪಕರೇ.

ನಮ್ಮದು ನಾಸಿಕದಿಂದ ನಿಫಾಡ್ ಕಡೆ ಹೋಗುವ ರಸ್ತೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ಇರುವ ಖಾಸಗಿ ಎಂಜಿನಿಯರಿಂಗ್ ಕಾಲೇಜು. ಇದೇ ಸಂಸ್ಥೆಯ ಇನ್ನೊಂದು ಕಾಲೇಜು ಛತ್ರಪತಿ ಸಂಭಾಜಿನಗರದಲ್ಲಿದೆ. ನಾನು ಓದಿದ್ದು ಅಲ್ಲಿ. ಆಗ ಊರಿನ ಹೆಸರು ಬೇರೆ ಇತ್ತು. ಆ ಕಾಲದಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿತೆಂದರೆ ಮನೆಯಲ್ಲಿ ಪೇಢೆ ಹಂಚುತ್ತಿದ್ದರು. ಈಗ ಪ್ರವೇಶದ ದಿನ ಮೆಕ್ಯಾನಿಕಲ್ ಟೇಬಲ್ಲಿನ ಮುಂದೆ ನಿಂತ ಹುಡುಗನ ಮುಖ ನೋಡಿದರೆ ಬೇರೆಲ್ಲೂ ಸೀಟು ಸಿಗಲಿಲ್ಲ ಎಂಬುದು ಗೊತ್ತಾಗುತ್ತದೆ. ಎಲ್ಲರಿಗೂ ಕಂಪ್ಯೂಟರ್ ಬೇಕು, ಡೇಟಾ ಬೇಕು, ಕೃತಕ ಬುದ್ಧಿಮತ್ತೆ ಬೇಕು. ನಮ್ಮ ವರ್ಕ್‌ಶಾಪಿನ ಲೋಹ ಕಡೆಯುವ ಲೇಥ್‌ಗಳಲ್ಲಿ ಅರ್ಧಕ್ಕೆ ಬಟ್ಟೆ ಹೊದಿಸಿಟ್ಟಿದ್ದರು.

ತರಗತಿಯಲ್ಲಿ ಮಕ್ಕಳಿಲ್ಲದ ಮೇಲೆ ಅಧ್ಯಾಪಕರಿಗೆ ಏನು ಕೆಲಸ? ಆಡಳಿತ ಮಂಡಳಿ ಒಂದು ದಾರಿ ಹುಡುಕಿತು. ಮೆಕ್ಯಾನಿಕಲ್ ವಿಭಾಗದವರಲ್ಲಿ ಯಾರು ಹೊಸ ವಿಷಯ ಕಲಿಯುತ್ತಾರೋ ಅವರು ವರ್ಷದ ಕೊನೆಗೆ ಒಂದು ಸಮಿತಿಯ ಮುಂದೆ ಪಾಠ ಮಾಡಿ ತೋರಿಸಬೇಕು. ಸಮಿತಿ ಒಪ್ಪಿದರೆ ಕಂಪ್ಯೂಟರ್, ಡೇಟಾದ ಹೊಸ ವಿಭಾಗದಲ್ಲಿ ತರಗತಿ. ಕಲಿಯಲು ಮನಸ್ಸಿಲ್ಲದವರಿಗೆ ಅದೇ ಸಂಬಳಕ್ಕೆ ಪರೀಕ್ಷಾ ವಿಭಾಗ, ಹಾಸ್ಟೆಲ್, ಪ್ರವೇಶ ವಿಭಾಗ, ಹೀಗೆ ಎಲ್ಲಾದರೂ ಒಂದು ಕುರ್ಚಿ. ಯಾರನ್ನೂ ಮನೆಗೆ ಕಳಿಸುವುದಿಲ್ಲ ಎಂದರು. ಕೇಳಿದರೆ ಉದಾರವಾದ ಮಾತೇ. ಆದರೆ ಇಪ್ಪತ್ತು ಮೂವತ್ತು ವರ್ಷ ತರಗತಿಯಲ್ಲಿ ನಿಂತವರಿಗೆ ಇನ್ನು ಮೇಲೆ ಕೂತುಕೊಂಡಿರಿ ಎಂದು ಹೇಳುವುದರ ಅರ್ಥ ಎಲ್ಲರಿಗೂ ತಿಳಿದಿತ್ತು.

ಆ ಹಿರಿಯರಲ್ಲಿ ಒಬ್ಬರು ನಮ್ಮ ಸರ್. ‘ನಮ್ಮ’ ಎಂದು ಯಾಕೆ ಹೇಳುತ್ತೇನೆಂದರೆ ಸಂಭಾಜಿನಗರದಲ್ಲಿ ನನಗೆ ಯಂತ್ರಗಳ ಚಲನೆಯ ಪಾಠ ಮಾಡಿದವರು ಅವರೇ. ಕೈವಾರ ಮುಟ್ಟದೆ ಬೋರ್ಡಿನ ಮೇಲೆ ವೃತ್ತ ಬರೆಯುತ್ತಿದ್ದರು. ಆ ವೃತ್ತ ಎಲ್ಲಿ ಶುರುವಾಯಿತು, ಎಲ್ಲಿ ಕೂಡಿತು ಎಂದು ನಾವು ಹುಡುಕುತ್ತ ಕೂತಿರುತ್ತಿದ್ದೆವು. ಆಮೇಲೆ ಅವರು ನಾಸಿಕದ ಕಾಲೇಜಿಗೆ ಬಂದರು, ಹಲವು ವರ್ಷಗಳ ನಂತರ ನಾನೂ ಬಂದೆ. ಅವರು ಕಲಬುರಗಿಯ ಆಳಂದ ಕಡೆಯವರು, ನಮ್ಮದು ಬೀದರಿನ ಭಾಲ್ಕಿ ಕಡೆ. ಇಡೀ ಸ್ಟಾಫ್ ರೂಮಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ. ನನ್ನ ಮಗಳು ನಾನು ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಉತ್ತರ ಕೊಡುವವಳು, ಆದ್ದರಿಂದ ನನಗೆ ಹೊಟ್ಟೆ ತುಂಬ ಕನ್ನಡ ಸಿಗುತ್ತಿದ್ದುದು ಸರ್ ಜೊತೆ ಚಹಾ ಕುಡಿಯುವಾಗಲೇ.

ನಾನೂ ಮೆಕ್ಯಾನಿಕಲ್ ಓದಿದವಳೇ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಬೇಗ ತಿಳಿದು, ಮತ್ತೆ ಓದಿ, ಡೇಟಾ ಸೈನ್ಸ್ ಕಡೆ ಹೊರಳಿದ್ದೆ. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು. ಸರ್‌ಗೆ ಐವತ್ತೈದು ದಾಟಿತ್ತು. ಪ್ರಾಂಶುಪಾಲರು ಅವರಿಗೆ ಪ್ರವೇಶ ವಿಭಾಗದ ಮುಖ್ಯಸ್ಥರ ಕೋಣೆ ತೋರಿಸಿದ್ದರು. ಹವಾನಿಯಂತ್ರಿತ ಕೋಣೆ, ಕಿಟಕಿಯಿಂದ ನೋಡಿದರೆ ದ್ರಾಕ್ಷಿ ತೋಟ, ವರ್ಷಕ್ಕೆ ಎರಡು ತಿಂಗಳು ಗಡಿಬಿಡಿ, ಉಳಿದಂತೆ ಆರಾಮ. ಬೇರೆಯವರಾಗಿದ್ದರೆ ಮರುದಿನವೇ ಟಿಫಿನ್ ಡಬ್ಬಿ ಸಮೇತ ಅಲ್ಲಿಗೆ ಹೋಗಿ ಕೂರುತ್ತಿದ್ದರು. ಸರ್ ಕೋಣೆ ನೋಡಿ, ಚೆನ್ನಾಗಿದೆ ಎಂದು ಹೇಳಿ, ಶನಿವಾರದ ತರಗತಿಗೆ ಹೆಸರು ಕೊಟ್ಟು ಬಂದರು.

ಮೊದಲ ಶನಿವಾರ ನಾನು ಹಳೆಯ ಡ್ರಾಯಿಂಗ್ ಹಾಲಿಗೆ ಹೋದಾಗ ಏಳೆಂಟು ಮಂದಿ ಅಧ್ಯಾಪಕರು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಎಲ್ಲರೂ ನನಗಿಂತ ದೊಡ್ಡವರು. ಸರ್ ಒಬ್ಬರೇ ಮೊದಲ ಬೆಂಚಿನಲ್ಲಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಎದ್ದು ನಿಂತರು. ಹಿಂದಿನವರು ಗೊಳ್ಳೆಂದು ನಕ್ಕರು.

"ಸರ್, ಎದ್ದ್ ನಿಲ್ಲಬ್ಯಾಡ್ರಿ. ನನಗ ನಾಚ್ಕಿ ಬರ್ತದ" ಎಂದೆ.

"ಕ್ಲಾಸಿನ್ಯಾಗ ಮೇಡಂ ಅಂದ್ರ ಮೇಡಂ ಇದ್ದಂಗ್ರಿ. ಹೊರಗ ಹೋದ ಮ್ಯಾಲ ನೀ ನಮ್ಮ ಹುಡುಗಿ" ಎಂದು ಹೇಳಿ ಕೂತರು.

ತಮಾಷೆಗೆ ಹೇಳಿದರು ಎಂದುಕೊಂಡೆ. ಆದರೆ ವರ್ಷವಿಡೀ ಅದನ್ನು ಬಿಡಲಿಲ್ಲ. ಆ ಹಾಲಿನ ಬಾಗಿಲೊಳಗೆ ನನಗೆ ‘ನೀವು’, ‘ಮೇಡಂ’. ಬಾಗಿಲು ದಾಟಿದರೆ ‘ಏನವ್ವಾ, ಚಹಾ ಕುಡಿಯೋಣೇನು?’.

ಆ ಮೊದಲ ವಾರಗಳ ಒಂದು ಸಂಗತಿ ನೆನಪಾದರೆ ಈಗಲೂ ನಗು ಬರುತ್ತದೆ. ಚಿಕ್ಕದೊಂದು ಪ್ರೋಗ್ರಾಂ ಬರೆದು ತನ್ನಿ ಎಂದಿದ್ದೆ. ಸರ್ ಒಂದು ದೊಡ್ಡ ಡ್ರಾಯಿಂಗ್ ಶೀಟು ಸುರುಳಿ ಸುತ್ತಿಕೊಂಡು ಬಂದರು. ಬಿಚ್ಚಿದರೆ ನಾಲ್ಕೂ ಕಡೆ ಅಂಚಿನ ಗೆರೆ, ನಡುವೆ ಪೆನ್ಸಿಲ್ಲಿನಲ್ಲಿ ಅಚ್ಚುಕಟ್ಟಾದ ದೊಡ್ಡ ಅಕ್ಷರಗಳಲ್ಲಿ ಪ್ರೋಗ್ರಾಂ, ಕೆಳಗೆ ಬಲ ಮೂಲೆಯಲ್ಲಿ ಮೆಕ್ಯಾನಿಕಲ್‌ನವರು ಪ್ರತಿ ನಕ್ಷೆಗೂ ಹಾಕುವ ಚೌಕ: ಬರೆದವರು, ಪರಿಶೀಲಿಸಿದವರು, ಅಳತೆಯ ಪ್ರಮಾಣ. ಪ್ರಮಾಣದ ಮುಂದೆ ‘ಒಂದಕ್ಕೆ ಒಂದು’ ಎಂದು ಬರೆದಿದ್ದರು. ಪರಿಶೀಲಿಸಿದವರ ಮುಂದೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು.

"ಸರ್, ಇದನ್ನ ಕಂಪ್ಯೂಟರಿನ್ಯಾಗ ಬರೀಬೇಕ್ರಿ!" ಎಂದು ನಾನು ತಲೆ ಚಚ್ಚಿಕೊಂಡೆ.

"ಅದೂ ಬರ್ದೀನ್ರಿ ಮೇಡಂ. ಆದ್ರ ಕೈಲೆ ಬರೀದೆ ನನಗ ತಲ್ಯಾಗ ಇಳಿಯಂಗಿಲ್ಲ. ಇಷ್ಟ್ ವರ್ಷದ ಚಟ."

ಹಿಂದಿನ ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸರ್ ಶೀಟನ್ನು ಎತ್ತಿ ಅವರಿಗೂ ತೋರಿಸಿ, ಎಲ್ಲರಿಗಿಂತ ಜೋರಾಗಿ ತಾವೇ ನಕ್ಕರು. ನಾನು ಸಹಿ ಹಾಕಿದೆ. ಪ್ರೋಗ್ರಾಂ ಸರಿಯಾಗಿತ್ತು, ಒಂದು ಚುಕ್ಕಿಯೂ ತಪ್ಪಿರಲಿಲ್ಲ.

ಇನ್ನೊಂದು ದಿನ ದಶಾಂಶ ಒಂದಕ್ಕೆ ದಶಾಂಶ ಎರಡು ಕೂಡಿಸಲು ಹೇಳಿದ್ದೆ. ಕಂಪ್ಯೂಟರ್ ದಶಾಂಶ ಮೂರು ಎಂದು ನೆಟ್ಟಗೆ ಹೇಳದೆ, ಮೂರರ ಮುಂದೆ ಸೊನ್ನೆಗಳ ಸಾಲು ಹಚ್ಚಿ, ಕೊನೆಯಲ್ಲೊಂದು ನಾಲ್ಕು ಇಟ್ಟಿತು. ಹೊಸದಾಗಿ ಕಲಿಯುವವರಿಗೆಲ್ಲ ಎದುರಾಗುವ ವಿಚಿತ್ರವಿದು. ನನ್ನ ವಿದ್ಯಾರ್ಥಿಗಳು ಇದನ್ನು ಕಂಡರೆ ನೋಡಿಯೂ ನೋಡದ ಹಾಗೆ ಮುಂದೆ ಹೋಗುತ್ತಾರೆ. ಅಧ್ಯಾಪಕರಲ್ಲಿ ಒಬ್ಬರು, ಇಂಥ ಸುಳ್ಳು ಯಂತ್ರವನ್ನು ನಂಬಿ ಪಾಠ ಮಾಡುವುದು ಹೇಗೆ ಎಂದು ಕೈ ಕೊಡವಿದರು. ಸರ್ ಮಾತ್ರ ಕಣ್ಣರಳಿಸಿ, "ಇದರದ್ದೂ ಟಾಲರೆನ್ಸ್ ಅದ ಅನ್ರಿ! ನಮ್ಮ ಲೇಥಿನಂಗೇ!" ಎಂದರು. ಎಷ್ಟೇ ಒಳ್ಳೆಯ ಲೇಥ್ ಆದರೂ ಹೇಳಿದ ಅಳತೆಗೆ ಕೂದಲೆಳೆಯಷ್ಟು ಆಚೀಚೆ ಕತ್ತರಿಸುತ್ತದೆ. ಎಷ್ಟರ ಮಟ್ಟಿಗೆ ಸಹಿಸಬಹುದು ಎಂಬುದನ್ನು ಮೊದಲೇ ತೀರ್ಮಾನಿಸಿ ಕೆಲಸ ಮಾಡುವುದು ಮೆಕ್ಯಾನಿಕಲ್‌ನವರ ಮೊದಲ ಪಾಠ. ಅವರಿಗೆ ಆ ದಿನ ಕಂಪ್ಯೂಟರ್ ನೆಂಟನಾದ ಹಾಗಾಯಿತು. ಆ ಮಧ್ಯಾಹ್ನ ನನಗೆ ಅವರ ಮೇಲೆ ಮೊದಲಿದ್ದ ಪ್ರೀತಿಯ ಜೊತೆಗೆ ಇನ್ನೊಂದು ಬಗೆಯ ಗೌರವ ಹುಟ್ಟಿತು.

ಗಣಪತಿ ಹಬ್ಬ ಬರುವಷ್ಟರಲ್ಲಿ ಬೆಂಚುಗಳು ಖಾಲಿಯಾಗತೊಡಗಿದವು. ಒಬ್ಬರಿಗೆ ಮೊಣಕಾಲು ನೋವು. ಒಬ್ಬರ ಮಗನಿಗೆ ಹೆಣ್ಣು ನೋಡುವ ಕಾರ್ಯಕ್ರಮ ಪ್ರತಿ ಶನಿವಾರವೇ ಬರುತ್ತಿತ್ತು. ಒಬ್ಬರಿಗೆ ನಿಫಾಡಿನಲ್ಲಿ ತೋಟ, ದ್ರಾಕ್ಷಿಗೆ ಔಷಧ ಹೊಡೆಸಬೇಕು. ಇನ್ನಿಬ್ಬರು ಆನ್‌ಲೈನ್ ತರಬೇತಿ ಹಿಡಿದರು. ಆ ತರಬೇತಿಗಳ ಮಹಿಮೆ ನಮಗೆಲ್ಲ ಗೊತ್ತು. ಕ್ಯಾಮೆರಾ ಮುಚ್ಚಿ, ಅತ್ತ ಯಾರೋ ಮಾತಾಡುತ್ತಿದ್ದರೆ ಇತ್ತ ಕಾಯಿಪಲ್ಯ ಹೆಚ್ಚುತ್ತ ಕೂತು, ಕೊನೆಗೆ ಸುಲಭದ ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಬಣ್ಣದ ಪ್ರಮಾಣಪತ್ರ ಬರುತ್ತದೆ. ನನ್ನ ಬಳಿಯೂ ಅಂಥವು ಒಂದು ಕಟ್ಟು ಇವೆ. ಅವುಗಳಿಂದ ನಾನು ಏನು ಕಲಿತೆ ಎಂದು ಯಾರಾದರೂ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತೇನೆ.

ಬಿಟ್ಟು ಹೋದವರ ಬಗ್ಗೆ ನಾನು ಆಗ ಬಾಯಿಗೆ ಬಂದ ಹಾಗೆ ಮಾತಾಡಿದ್ದೆ. ಈಗ ಅಷ್ಟು ಕಟುವಾಗಿ ಹೇಳಲಾರೆ. ಅವರಲ್ಲಿ ದಡ್ಡರು ಯಾರೂ ಇರಲಿಲ್ಲ, ಒಬ್ಬರಂತೂ ಗಣಿತದಲ್ಲಿ ಸರ್‌ಗಿಂತ ಚುರುಕು. ಆದರೆ ತಮಗಿಂತ ಚಿಕ್ಕವರ ಕಣ್ಣೆದುರು ತಪ್ಪು ಮಾಡುವುದು ಅವರಿಂದ ಆಗಲಿಲ್ಲ. ಬೋರ್ಡಿನ ಮುಂದೆ ನಿಂತು ನಿಂತು ನಮ್ಮಂಥವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ: ಕೋಣೆಯಲ್ಲಿ ಎಲ್ಲ ತಿಳಿದವರು ನಾವೇ ಆಗಿರಬೇಕು. ಸರ್‌ಗೆ ಆ ರೋಗ ಹೇಗೆ ಅಂಟಲಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ.

ಅರ್ಧ ಉತ್ತರ ಅವರ ಮನೆಯಲ್ಲಿ ಸಿಕ್ಕಿತು. ನಾಸಿಕದ ಪಂಚವಟಿ ಪೇಟೆಯ ಗದ್ದಲದ ಹಿಂದಿನ ಒಂದು ಓಣಿಯಲ್ಲಿ, ಎರಡನೇ ಮಹಡಿಯಲ್ಲಿ ಅವರ ಮನೆ. ದೀಪಾವಳಿಯ ಫರಾಳದ ತಿಂಡಿ ತಿನ್ನಲು ಹೋದಾಗ ಬಾಗಿಲಲ್ಲೇ ಅವರ ದನಿ ಕೇಳಿಸಿತು. ಒಳಗೆ ಅವರ ಹೆಂಡತಿ, ನಾವು ಕಾಕು ಎಂದು ಕರೆಯುವವರು, ನೆಲದ ಮೇಲೆ ಕಾಲು ಚಾಚಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಸರ್ ಗೋಡೆಗೆ ತಿರುಗಿಸಿ ತೂಗುಹಾಕಿದ ಕ್ಯಾಲೆಂಡರಿನ ಹಿಂಬದಿಯಲ್ಲಿ ಚುಕ್ಕಿಗಳನ್ನು ಬರೆದು, ಯಂತ್ರ ಹೇಗೆ ಕಲಿಯುತ್ತದೆ ಎಂದು ಅವರಿಗೆ ಪಾಠ ಮಾಡುತ್ತಿದ್ದರು.

"ಬಾ ತಂಗಿ, ಛಲೋ ವ್ಯಾಳ್ಯಾಕ ಬಂದಿ" ಎಂದರು ಕಾಕು. "ಇವ್ರು ಹೇಳ್ಲಿಕತ್ತಾರ, ಮಿಷೀನು ತಪ್ಪು ಮಾಡ್ಕೋತ ಮಾಡ್ಕೋತ ಕಲೀತದಂತ. ಅಲ್ಲಾ, ತಪ್ಪಾತಂತ ಅದಕ್ಕ ಹ್ಯಾಂಗ ಗೊತ್ತಾಗ್ತದ?"

ಸರ್ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕು ಕೈ ಅಡ್ಡ ಹಿಡಿದರು.

"ನೀ ಹೇಳಬ್ಯಾಡ. ಅವ್ರು ಹೇಳ್ಲಿ. ನನಗ ತಿಳೀಲಿಲ್ಲಂದ್ರ ನಿಮಗೂ ತಿಳ್ದಿಲ್ಲಂತ ತಿಳ್ಕೋರಿ ಅಂತ ಮೊದಲೇ ಹೇಳೀನಿ."

ಕಾಕು ಮೆಟ್ರಿಕ್‌ವರೆಗೆ ಓದಿದವರು. ಆ ವರ್ಷ ನಾನು ಕಲಿಸಿದ್ದನ್ನೆಲ್ಲ ಸರ್ ಭಾನುವಾರ ಅವರಿಗೆ ಒಪ್ಪಿಸುತ್ತಿದ್ದರು ಎಂದು ಆ ದಿನ ತಿಳಿಯಿತು. ಎಲ್ಲಿ ಎಡವಿದರೋ ಅದು ಮುಂದಿನ ಶನಿವಾರ ನನ್ನ ಬಳಿ ಪ್ರಶ್ನೆಯಾಗಿ ಬರುತ್ತಿತ್ತು. ಸರ್ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಯಾಕೆ ಕೇಳುತ್ತಾರೆ ಎಂದು ನನಗೆ ತಲೆ ಕೆಟ್ಟದ್ದುಂಟು. ಅದರಲ್ಲಿ ಅರ್ಧ ಕಾಕುವಿನ ಪ್ರಶ್ನೆಗಳು. ಮನೆಯಲ್ಲಿ ದಿನಾ ‘ತಿಳೀಲಿಲ್ಲ’ ಎಂಬ ಮಾತನ್ನು ನಗುನಗುತ್ತ ಕೇಳಿಸಿಕೊಂಡವರಿಗೆ ಹೊರಗೆ ಅದನ್ನು ಹೇಳಲು ಭಯವಿರುವುದಿಲ್ಲ ಎಂದು ನನಗೆ ಅನಿಸುತ್ತದೆ.

ಪ್ರಾಂಶುಪಾಲರನ್ನೂ ಇಲ್ಲಿ ಹೊಗಳಬೇಕು, ನಾನು ಅವರನ್ನು ಅಪರೂಪಕ್ಕೆ ಹೊಗಳುವವಳಾದರೂ. ಶನಿವಾರ ಮಧ್ಯಾಹ್ನ ಅವರು ಸರ್‌ಗೆ ಬೇರೆ ಯಾವ ಕೆಲಸವನ್ನೂ ಹಚ್ಚಲಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲೂ, ತಪಾಸಣೆಯ ತಂಡ ಬಂದಾಗಲೂ ಆ ಹೊತ್ತನ್ನು ಮುಟ್ಟಲಿಲ್ಲ. ಹೊಸದನ್ನು ಕಲಿಯಿರಿ ಎಂದು ಹೇಳುವ ಕಾಲೇಜುಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಲಿಯಲು ಹೊತ್ತು ಬಿಟ್ಟುಕೊಟ್ಟದ್ದನ್ನು ನೋಡಿದ್ದು ಇದೊಂದೇ ಸಲ. ಸಂಕ್ರಾಂತಿಯ ಹೊತ್ತಿಗೆ ಸರ್ ನನ್ನ ಜೊತೆ ಒಂದು ಲ್ಯಾಬ್ ತರಗತಿಯಲ್ಲಿ ಪಾಠಕ್ಕೆ ನಿಲ್ಲಲಿ ಎಂದು ಪ್ರಾಂಶುಪಾಲರೇ ಹೇಳಿದರು. ಆ ಅವಧಿಗೆ ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕೊಡುವ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದೂ ಹೇಳಿದರು.

ಮೊದಲ ಲ್ಯಾಬಿನಲ್ಲೇ ಸರ್ ಬರೆದ ಪ್ರೋಗ್ರಾಂ ಎಲ್ಲರೆದುರು ನಿಂತುಹೋಯಿತು. ಪರದೆಯ ಮೇಲೆ ಕೆಂಪು ಅಕ್ಷರಗಳು. ಹಿಂದೆ ಕೂತ ಹುಡುಗರು ಕಿಸಿಕಿಸಿ ನಗತೊಡಗಿದರು. ನಾನು ಎದ್ದು ಸರಿಪಡಿಸಬೇಕೆಂದು ಹೊರಟಿದ್ದೆ. ಅಷ್ಟರಲ್ಲಿ ಸರ್, ಎಲ್ಲಿ ತಪ್ಪಿದೆ ಯಾರಾದರೂ ಹೇಳಿ ಎಂದು ಮರಾಠಿಯಲ್ಲಿ ಕೇಳಿದರು. ಮಾಲೇಗಾಂವ್‌ನಿಂದ ಬಂದ ಒಬ್ಬಳು ಹುಡುಗಿ, ಮನೆಯಲ್ಲಿ ಪವರ್‌ಲೂಮ್ ಇದ್ದವಳು, ಅಂಜುತ್ತ ಕೈ ಎತ್ತಿದಳು. ಸರ್ ಅವಳನ್ನು ಕರೆದು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ನಿಂತರು. ಅವಳು ಸರಿಪಡಿಸಿದಳು. ತಾನು ಯಾಕೆ ಅಲ್ಲೇ ಹುಡುಕಿದೆ ಎಂದು ಎಲ್ಲರಿಗೂ ವಿವರಿಸುವಂತೆ ಸರ್ ಹೇಳಿದರು. ಮುಂದಿನ ವಾರದಿಂದ ಆ ಲ್ಯಾಬಿಗೆ ಗೈರುಹಾಜರಿ ಕಡಿಮೆಯಾಯಿತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು ಎಂಬುದನ್ನು ಯಾಕೆ ಮುಚ್ಚಿಡಲಿ? ನಾನು ಇಷ್ಟು ವರ್ಷ ಒಂದು ತಪ್ಪೂ ಮಾಡದೆ ಪಾಠ ಮಾಡಿದ ಲ್ಯಾಬ್ ಅದು, ಹಾಜರಾತಿ ಯಾವತ್ತೂ ಅಷ್ಟಿರಲಿಲ್ಲ.

ಆದರೆ ನನ್ನ ಜಂಬ ಪೂರ್ತಿ ಇಳಿದದ್ದು ಫೆಬ್ರವರಿಯಲ್ಲಿ. ಆ ಶನಿವಾರದ ಪಾಠ, ಮಾಹಿತಿಯನ್ನು ಶುಚಿ ಮಾಡುವುದು. ಯಂತ್ರಕ್ಕೆ ಕಲಿಸುವ ಮೊದಲು ಅಂಕಿಗಳ ರಾಶಿಯಲ್ಲಿ ಉಳಿದವುಗಳಿಂದ ತೀರ ದೂರ ಸಿಡಿದು ನಿಂತ ಅಂಕಿಗಳನ್ನು ತೆಗೆದುಹಾಕಬೇಕು, ಅವು ಸಾಮಾನ್ಯವಾಗಿ ಅಳೆಯುವಾಗಿನ ತಪ್ಪುಗಳು ಎಂದು ಹೇಳಿಕೊಟ್ಟೆ. ಅಭ್ಯಾಸಕ್ಕೆ ನಮ್ಮ ವರ್ಕ್‌ಶಾಪಿನ ಲೇಥ್ ಓಡುವಾಗ ಅದರ ಕಂಪನ ಅಳೆದಿಟ್ಟ ಅಂಕಿಗಳನ್ನೇ ಕೊಟ್ಟಿದ್ದೆ. ಆ ಹೊತ್ತಿಗೆ ಉಳಿದವರು ಸರ್ ಮತ್ತು ಇನ್ನೊಬ್ಬರು ಮಾತ್ರ. ಇಬ್ಬರೂ ಹೇಳಿದ ಹಾಗೆ ತೆಗೆದುಹಾಕಿದರು. ಗೆರೆ ನುಣ್ಣಗಾಯಿತು. ನಾನು ಶಹಬ್ಬಾಸ್ ಎಂದೆ.

ಮುಂದಿನ ಶನಿವಾರ ಸರ್ ತರಗತಿ ಮುಗಿದ ಮೇಲೆ ನಿಂತುಕೊಂಡರು.

"ಮೇಡಂ, ಒಂದ್ ಮಾತು. ಆ ಲೇಥ್ ಓಡಿಸಿದ ದಿನ ನಾ ಅಲ್ಲೇ ಇದ್ದೆ. ನಾವ್ ತೆಗೆದು ಒಗೆದ ಅಂಕಿ ಅದಾವಲ್ಲರಿ, ಟೂಲ್ ಮುರಿದಾಗಿನವು ಅವು."

ಮೊದಲು ನನಗೆ ಸಿಟ್ಟೇ ಬಂತು. ಪುಸ್ತಕದಲ್ಲಿ ಇದ್ದದ್ದನ್ನೇ ನಾನು ಹೇಳಿದ್ದು ಎಂದು ವಾದಕ್ಕೆ ನಿಂತೆ. ಆಮೇಲೆ ಕೂತು ನೋಡಿದೆ. ಕತ್ತರಿಸುವ ಟೂಲ್ ಮುರಿಯುವ ಕ್ಷಣವನ್ನು ಮೊದಲೇ ಹಿಡಿಯುವುದಕ್ಕೆ ಈ ಅಂಕಿಗಳನ್ನೆಲ್ಲ ಕೂಡಿಟ್ಟದ್ದು. ನಾನು ಆ ಕ್ಷಣಗಳನ್ನೇ ಕಸವೆಂದು ಗುಡಿಸಿ ಹಾಕಿಸಿ, ಉಳಿದ ಶಾಂತ ಗೆರೆಯನ್ನು ಕೊಂಡಾಡಿದ್ದೆ. ಮೆಕ್ಯಾನಿಕಲ್ ಓದಿದವಳೇ ಆಗಿದ್ದೂ ನನಗೆ ಹೊಳೆಯಲಿಲ್ಲ, ಯಾಕೆಂದರೆ ನಾನು ಹೊಸ ವಿಷಯಕ್ಕೆ ಹೊರಳುವಾಗ ಹಳೆಯದನ್ನು ಬಾಗಿಲ ಹೊರಗೆ ಬಿಟ್ಟು ಬಂದಿದ್ದೆ. ಹಾಗೆ ಬಿಟ್ಟು ಬಂದರೇನೇ ಹೊಸಬಳಾಗುತ್ತೇನೆ ಎಂದು ತಿಳಿದಿದ್ದೆ. ಸರ್ ಏನನ್ನೂ ಬಿಡದೆ ಬಂದಿದ್ದರು.

"ಸರ್, ಸಮಿತಿ ಮುಂದಿನ ಡೆಮೊ ಲೆಕ್ಚರಿಗೆ ಇದನ್ನೇ ತಗೋರಿ" ಎಂದೆ. ಅವರು ಕಣ್ಣು ಮಿಟುಕಿಸಿ, ಆ ಟೂಲ್ ಇನ್ನೂ ವರ್ಕ್‌ಶಾಪಿನ ಡಬ್ಬಿಯಲ್ಲಿ ಬಿದ್ದಿರಬೇಕು, ಹುಡುಕುತ್ತೇನೆ ಎಂದು ಹೋದರು.

ಸಮಿತಿ ಕೂತದ್ದು ಸಂಭಾಜಿನಗರದ ಕಾಲೇಜಿನಲ್ಲಿ, ಬೇಸಿಗೆಯ ನಡುವೆ. ಸರ್ ಮತ್ತು ನಾನು ಬೆಳಗಿನ ಬಸ್ಸಿಗೆ ಹೋದೆವು. ದಾರಿಯುದ್ದಕ್ಕೂ ಅವರು ನೆಮ್ಮದಿಯಾಗಿ ಕಾಕು ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಿಂದರು. ನನ್ನ ಪಾಲಿನದನ್ನೂ ನಾನು ಅವರಿಗೇ ಕೊಟ್ಟೆ. ಉಳಿದಿದ್ದ ಇನ್ನೊಬ್ಬ ಅಧ್ಯಾಪಕರು ಹಿಂದಿನ ವಾರ ಹೆಸರು ವಾಪಸು ತೆಗೆದುಕೊಂಡಿದ್ದರು. ಸರ್ ಇವತ್ತು ತಪ್ಪಿದರೆ ನಾಳೆಯಿಂದ ಪ್ರವೇಶ ವಿಭಾಗದ ಆ ತಣ್ಣನೆಯ ಕೋಣೆ. ಇನ್ನು ಬದುಕಿರುವವರೆಗೆ ಅವರಿಗೆ ತರಗತಿ ಇಲ್ಲ.

ನಾನು ಓದಿದ ಹಳೆಯ ಕಟ್ಟಡದ ಒಂದು ಕೋಣೆಯಲ್ಲಿ ಮಂಡಳಿಯ ಅಧ್ಯಕ್ಷರು, ಎರಡೂ ಕಾಲೇಜುಗಳ ಪ್ರಾಂಶುಪಾಲರು ಮತ್ತು ಹೊರಗಿನಿಂದ ಕರೆಸಿದ ಒಬ್ಬ ಯುವ ತಜ್ಞರು ಕೂತಿದ್ದರು. ನನಗೆ ಕೊನೆಯಲ್ಲಿ ಒಂದು ಕುರ್ಚಿ. ಸರ್ ಪರದೆಯ ಮೇಲೆ ಲೇಥ್ ಕಂಪನದ ಗೆರೆ ತೋರಿಸಿದರು. ಒಂದು ಕಡೆ ಗೆರೆ ಥಟ್ಟನೆ ಮೇಲಕ್ಕೆ ಚಿಮ್ಮಿತ್ತು. ಇದನ್ನು ಇಡೋಣವೋ ತೆಗೆಯೋಣವೋ ಎಂದು ಕೇಳಿದರು. ತಜ್ಞರು, ತೆಗೆಯುವುದೇ ರೂಢಿ ಎಂದರು. ಸರ್ ಜೇಬಿನಿಂದ ಮುರಿದ ಟೂಲ್ ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟು, "ಆ ಬಿಂದು ಇದು" ಎಂದು ಮರಾಠಿಯಲ್ಲಿ ಹೇಳಿದರು. ಅಧ್ಯಕ್ಷರು ಅದನ್ನು ಕೈಗೆತ್ತಿಕೊಂಡು ಮುರಿದ ಅಂಚನ್ನು ಬೆರಳಿಂದ ಸವರಿದರು. ನನ್ನ ಮುಖದ ತುಂಬ ನಗು ಬಂದು, ಕರವಸ್ತ್ರ ಅಡ್ಡ ಹಿಡಿಯಬೇಕಾಯಿತು.

ತಜ್ಞರು ಸುಮ್ಮನೆ ಬಿಡಲಿಲ್ಲ. "ಇಲ್ಲಿ ನೀವು ಪಕ್ಕದಲ್ಲೇ ನಿಂತಿದ್ದಿರಿ, ಆದ್ದರಿಂದ ಗೊತ್ತಾಯಿತು. ಸಾವಿರ ಯಂತ್ರಗಳಿದ್ದು, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ? ಟೂಲ್ ಮುರಿದದ್ದು ಯಾವುದು, ಅಳೆಯುವ ಸಾಧನವೇ ಕೆಟ್ಟದ್ದು ಯಾವುದು ಎಂದು ಹೇಗೆ ಬೇರ್ಪಡಿಸುತ್ತೀರಿ?"

ಅದು ನಾನು ಕಲಿಸಿದ ಪಾಠದಲ್ಲಿ ಇರಲಿಲ್ಲ. ಸರ್ ಏನಾದರೊಂದು ಹೇಳಿ ಜಾರಿಕೊಳ್ಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಾನಾಗಿದ್ದರೆ ಖಂಡಿತ ಹಾಗೆ ಮಾಡುತ್ತಿದ್ದೆ.

"ನನಗೆ ಗೊತ್ತಿಲ್ಲ" ಎಂದರು ಸರ್.



"ಗೊತ್ತಿಲ್ಲ. ಆದರೆ ಹುಡುಕುವುದಾದರೆ ಎಲ್ಲಿಂದ ಶುರು ಮಾಡುತ್ತೇನೆ ಎಂದು ತೋರಿಸಬಹುದೇ?" ಎಂದು ಚಾಕ್‌ಪೀಸ್ ಹಿಡಿದು ಬೋರ್ಡಿನ ಕಡೆ ತಿರುಗಿದರು. ಟೂಲ್ ಮುರಿಯುವ ಮೊದಲು ಮೊಂಡಾಗುತ್ತದೆ, ಮೊಂಡಾಗುವಾಗ ಗೆರೆ ಸ್ವಲ್ಪ ಸ್ವಲ್ಪವೇ ನಡುಗುತ್ತ ಏರಬೇಕು, ಸಾಧನ ಕೆಟ್ಟರೆ ಹಾಗೆ ಮುನ್ಸೂಚನೆ ಇರಲಿಕ್ಕಿಲ್ಲ, ಹಾಗಾದರೆ ಚಿಮ್ಮಿದ ಬಿಂದುವನ್ನು ಬಿಟ್ಟು ಅದರ ಹಿಂದಿನ ಭಾಗವನ್ನು ನೋಡಬೇಕೇನೋ, ಎಂದು ಬರೆಯುತ್ತ ಹೋದರು. ನಡುವೆ ಒಂದು ಕಡೆ ಸಿಕ್ಕಿಬಿದ್ದರು. ಆಗ ಆ ತಜ್ಞರು ಕುರ್ಚಿಯಿಂದ ಎದ್ದು, ಬೋರ್ಡಿನ ಬಳಿ ಬಂದು, ಇನ್ನೊಂದು ಚಾಕ್‌ಪೀಸ್ ಎತ್ತಿಕೊಂಡರು. ಇಬ್ಬರೂ ವಾದ ಮಾಡುತ್ತ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತ, ನಾವೆಲ್ಲ ಕೋಣೆಯಲ್ಲಿ ಇದ್ದೇವೆ ಎಂಬುದನ್ನೇ ಮರೆತರು. ಅಧ್ಯಕ್ಷರು ಊಟದ ಹೊತ್ತಾಯಿತೆಂದು ಕೆಮ್ಮಿ ನೆನಪಿಸಬೇಕಾಯಿತು. ನನ್ನ ಸರ್ ಎಷ್ಟು ದೊಡ್ಡವರು ಎಂದು ಇಷ್ಟು ವರ್ಷ ಅವರ ಜೊತೆಗಿದ್ದೂ ನಾನು ತಿಳಿದಿರಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಂಡೆ.

ಊಟವಾದ ಮೇಲೆ ಅಧ್ಯಕ್ಷರು ನಮ್ಮಿಬ್ಬರನ್ನು ಕರೆದರು. ಸಮಿತಿ ಒಪ್ಪಿದೆ, ಅಭಿನಂದನೆ ಎಂದರು. ಆಮೇಲೆ ಸ್ವಲ್ಪ ತಡೆದು, ನಾಸಿಕದ ಹೊಸ ವಿಭಾಗದಲ್ಲಿ ಜಾಗ ಇಲ್ಲ, ಇರುವ ಒಂದೇ ಜಾಗ ಸಂಭಾಜಿನಗರದಲ್ಲಿ, ಇಲ್ಲಿಯ ಅತಿಥಿಗೃಹದಲ್ಲಿ ಒಬ್ಬರೇ ಉಳಿದುಕೊಳ್ಳಬೇಕಾಗುತ್ತದೆ ಎಂದರು. ಪ್ರವೇಶ ವಿಭಾಗದ ಕೋಣೆ ನಿಮಗಾಗಿ ಈಗಲೂ ಇದೆ, ಮನೆಯಲ್ಲಿ ಮಾತಾಡಿ ನಿಧಾನಕ್ಕೆ ತಿಳಿಸಿ ಎಂದೂ ಸೇರಿಸಿದರು.

ಸರ್, "ಯಾವಾಗ ಹಾಜರಾಗಲಿ?" ಎಂದು ಕೇಳಿದರು.

ವಾಪಸು ಬಸ್ಸಿನಲ್ಲಿ ಕೂತದ್ದೇ ತಡ, ನಾನು ಸಿಡಿದೆ. "ಏನ್ರಿ ಸರ್ ಇದು? ಈ ವಯಸ್ಸಿನ್ಯಾಗ ಹಾಸ್ಟೆಲಿನ ಊಟಾ? ಕಾಕು ಅಲ್ಲಿ ಒಬ್ಬರೇ, ನೀವ್ ಇಲ್ಲಿ ಒಬ್ಬರೇ! ಅವರಿಗೊಂದ್ ಮಾತ್ ಕೇಳಬಾರದಾ? ಹಿಂಗಾಗ್ತದಂತ ಗೊತ್ತಿದ್ರ ಇಡೀ ವರ್ಷ ನಾ ಯಾಕ ಬಡ್ಕೋತಿದ್ದೆ?"

ಸರ್ ಮನೆಗೆ ಫೋನ್ ಹಚ್ಚಿ, ಆಯಿತು ಎಂದು ಒಂದೇ ಮಾತು ಹೇಳಿ, ನನ್ನ ಕೈಗೆ ಕೊಟ್ಟರು. ಆಚೆ ಕಾಕು ಇದ್ದರು.

"ಅವರ ಮ್ಯಾಲ ಸಿಟ್ಟಾಗಬ್ಯಾಡ ಯವ್ವಾ. ಜಾಗಾ ಅಲ್ಲೇ ಅದ ಅಂತ ನಮ್ಮಿಬ್ಬರಿಗೂ ಮೊದಲಿಂದ ಗೊತ್ತಿತ್ತು. ಹೆಸರು ಕೊಡೂ ದಿನಾನೇ ಪ್ರಿನ್ಸಿಪಾಲರು ಹೇಳಿದ್ರು."

"ಮತ್ತ ನನಗ್ಯಾಕ ಹೇಳ್ಲಿಲ್ರಿ ಕಾಕು?"

"ನಾನೇ ಹೇಳಬ್ಯಾಡ್ರಿ ಅಂದಿದ್ದೆ. ನಿನಗ ಗೊತ್ತಾಗಿದ್ರ ಹಿಂಗ ಕಲಿಸ್ತಿದ್ದಿಯೇನು?"

ಕಲಿಸುತ್ತಿರಲಿಲ್ಲ. ಅವರು ಎರಡನೇ ಸಲ ಕೇಳಿದ ಪ್ರಶ್ನೆಗೆ, ಇರಲಿ ಬಿಡಿ ಸರ್, ಇದು ನಿಮಗೆ ಬೇಡ ಎನ್ನುತ್ತಿದ್ದೆ. ಒಂದೊಂದೇ ಪಾಠ ಹಗುರ ಮಾಡುತ್ತ, ದೀಪಾವಳಿಯ ಹೊತ್ತಿಗೆ ನಾನೇ ಅವರ ಕೈಹಿಡಿದು ಆ ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಅದನ್ನು ಪ್ರೀತಿ ಎಂದುಕೊಂಡು ಮನೆಗೆ ಹೋಗುತ್ತಿದ್ದೆ.

"ಇಲ್ರಿ ಕಾಕು, ಕಲಿಸ್ತಿದ್ದಿಲ್ಲ" ಎಂದೆ.

"ಅದಕ್ಕ" ಎಂದರು ಅವರು. ಅವರ ದನಿ ಆಗ ಮಾತ್ರ ಸ್ವಲ್ಪ ಒಡೆಯಿತು. ಕುಕ್ಕರ್ ಕೂಗುತ್ತಿದೆ ಎಂದು ಫೋನ್ ಇಟ್ಟರು.

ಬಸ್ಸು ಯೇವಲಾ ಊರು ದಾಟಿತು. ಆಮೇಲೆ ಸರ್ ಕಡೆ ತಿರುಗಿ, ಮೊದಲ ವಾರ ಮಕ್ಕಳಿಗೆ ಏನು ಹೇಳಿಕೊಡುತ್ತೀರಿ ಎಂದು ಕೇಳಿದೆ.